ನೋವಿಲ್ಲದ ಭುಜ

ಫುಟ್‌ಬಾಲ್ ಲೀಗಿನ ಗ್ರ್ಯಾಂಡ್ ಫೈನಲ್‌ಗೆ ಒಂದು ವಾರ ಮುಂಚೆ, ಶನಿವಾರದ ಪಂದ್ಯದ ಮೂರನೇ ಕ್ವಾರ್ಟರ್‌ನಲ್ಲಿ, ಡೆಸ್ಮಂಡ್ ಕ್ವಿಗ್ಲಿಯ ತಲೆಗೆ ಎದುರಾಳಿಯ ಮೊಣಕಾಲು ಬಡಿಯಿತು. ಹನ್ನೊಂದು ಸೆಕೆಂಡು ಅವನು ಹುಲ್ಲಿನ ಮೇಲೆ ಅಲುಗದೆ ಬಿದ್ದಿದ್ದ. ಕ್ಲಬ್‌ನ ಗಾಯದ ವರದಿಯಲ್ಲಿ ‘ಎಡಭುಜದ ನೋವು’ ಎಂದು ದಾಖಲಾಯಿತು. ಹೇಳಿ ಬರೆಸಿದವನು ಮ್ಯಾನೇಜರ್ ಸ್ಟಾನಾರ್ಡ್. ಬರೆದವಳು ನಾನು, ಮೆರಿನ್ ಟ್ರೆಲೋರ್.

ತಲೆಗೆ ಪೆಟ್ಟು ಎಂದು ಬರೆದರೆ ಹನ್ನೆರಡು ದಿನ ಆಡುವಂತಿಲ್ಲ, ಅದು ಲೀಗಿನ ನಿಯಮ. ಗ್ರ್ಯಾಂಡ್ ಫೈನಲ್‌ಗೆ ಇದ್ದದ್ದು ಏಳೇ ದಿನ. ಒಂಬತ್ತು ಸೀಸನ್ ಆಡಿದರೂ ಕ್ವಿಗ್ಲಿ ಒಂದು ಗ್ರ್ಯಾಂಡ್ ಫೈನಲ್ಲನ್ನೂ ಆಡಿರಲಿಲ್ಲ. ಡಾಕ್ಟರು ಆ ಹೊತ್ತಿಗೆ ಇನ್ನೊಬ್ಬನ ಮುರಿದ ಕಾಲಿನ ಹತ್ತಿರವಿದ್ದರು. ನಾನು ಬರೆದದ್ದನ್ನೇ ಅವರು ನಂಬಿದರು. ನನ್ನ ಕೈಬರಹ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ.

ಹನ್ನೊಂದು ವರ್ಷದಿಂದ ಈ ಗಂಡಸರ ಮೈಗೆ ಅಂಟಿನ ಟೇಪ್ ಸುತ್ತುವುದು ನನ್ನ ಕೆಲಸ. ಮಣಿಕಟ್ಟು, ಹಿಮ್ಮಡಿ, ಬೆರಳು, ಭುಜ. ಕ್ಲಬ್‌ಗೆ ಇವರ ಕಾಲು ಬೇಕು, ಭುಜ ಬೇಕು. ತಲೆ ಬೇಕಾದದ್ದು ಚೆಂಡಿನ ಕೆಳಗೆ ನುಗ್ಗಿಸಲು ಮಾತ್ರ. ಮೂವತ್ತು ದಾಟುವ ಹೊತ್ತಿಗೆ ಅವರನ್ನು ಹೂಗುಚ್ಛ ಕೊಟ್ಟು ಮನೆಗೆ ಕಳಿಸುತ್ತಾರೆ. ಎಷ್ಟೋ ಹೂಗುಚ್ಛಗಳಿಗೆ ರಿಬ್ಬನ್ ಕಟ್ಟಿದವಳೂ ನಾನೇ. ದಣಿದಿದ್ದೆ. ನಿದ್ದೆ ಮಾಡಿದರೆ ಹೋಗುವ ದಣಿವಲ್ಲ ಅದು.

ನನ್ನ ಕೈ ಸದಾ ಅಂಟು. ಎಷ್ಟು ಸೋಪು ಹಾಕಿದರೂ ಹೋಗದು. ಕ್ವಿಗ್ಲಿ ಮೊದಲ ಸೀಸನ್ನಿನಲ್ಲೇ ನನಗೆ ‘ಗೋಂದು’ ಎಂದು ಹೆಸರಿಟ್ಟ. ಡ್ರೆಸ್ಸಿಂಗ್ ರೂಮಿನಲ್ಲಿ ಎಲ್ಲರಿಗೂ ಅಡ್ಡಹೆಸರು ಇರುತ್ತದೆ, ಅವನಿಗೆ ಕ್ವಿಗ್ಸ್. ಆದರೆ ‘ಗೋಂದು’ ಎನ್ನುವಾಗ ಅವನ ಎಡಗಣ್ಣು ಒಂಚೂರು ಕಿರಿದಾಗುತ್ತಿತ್ತು. ಒಂಬತ್ತು ವರ್ಷ ನಾನು ಆ ಕಣ್ಣನ್ನು ನೋಡದವಳಂತೆ ಟೇಪ್ ಹರಿಯುತ್ತಿದ್ದೆ.

ಭಾನುವಾರ ಬೆಳಿಗ್ಗೆ ಅವನ ಎಡಭುಜಕ್ಕೆ ಟೇಪ್ ಸುತ್ತಬೇಕಾಯಿತು. ವರದಿಯಲ್ಲಿ ನೋವಿದ್ದ ಮೇಲೆ ಭುಜದ ಮೇಲೆ ಟೇಪ್ ಇರಲೇಬೇಕು. ಅವನು ಕೈ ಎತ್ತಿದ. ನಾನು ನೋವಿಲ್ಲದ ಭುಜವನ್ನು ಹಿಡಿದೆ.

“ಸ್ಸ್, ನೋಯ್ತಿದೆ ಕಣೇ.”

“ಎಲ್ಲಿ?”

“ನೀನು ಎಲ್ಲಿ ಮುಟ್ತೀಯೋ ಅಲ್ಲಿ.”

ನಾನು ನಕ್ಕೆ. ನೆನೆಸಿಕೊಂಡರೆ ಈಗ ಆ ನಗುವಿಗೇ ನಾಚಿಕೆಯಾಗುತ್ತದೆ.

ಸೋಮವಾರ ಆಟಗಾರರಿಗೆ ರಜೆ. ಆ ದಿನ ಕ್ವಿಗ್ಸ್ ವಿಡಿಯೋ ಗೇಮ್ ಆಡುತ್ತಾನೆ. ಫುಟ್ಸ್‌ಕ್ರೇ ಬಡಾವಣೆಯಲ್ಲಿ ವಿಯೆಟ್ನಾಮಿ ಬೇಕರಿಯ ಮೇಲಿನ ಎರಡು ಕೋಣೆ ಅವನ ಮನೆ. ಕೆಳಗಿನಿಂದ ಬ್ರೆಡ್ಡಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ. ಕಿಟಕಿಯ ಪಕ್ಕ ಎರಡು ಕಂಪ್ಯೂಟರ್ ಪರದೆ, ಎರಡು ಕುರ್ಚಿ. ಕೆಂಪು ಮರಳಿನ ದಾರಿಯಲ್ಲಿ ಕಾರು ಓಡಿಸುವ ಆಟ ಅವನದು. ಮೂರು ಸಾವಿರ ಜನ ಆನ್‌ಲೈನ್‌ನಲ್ಲಿ ಕೂತು ನೋಡುತ್ತಾರೆ, ಎರಡು ಸಲ ಟೂರ್ನಮೆಂಟನ್ನೂ ಗೆದ್ದಿದ್ದಾನೆ. ಫುಟ್‌ಬಾಲ್ ಮುಗಿದ ಮೇಲೆ ಇದನ್ನೇ ಉದ್ಯೋಗ ಮಾಡಿಕೊಳ್ಳುತ್ತೇನೆ ಎನ್ನುತ್ತಿದ್ದ. ಕ್ಲಬ್‌ನಲ್ಲಿ ಅವನನ್ನು ಆಡಿಕೊಂಡು ನಗುತ್ತಿದ್ದರು. ಇಲ್ಲಿ ನನ್ನ ಮೇಲೆ ಯಾರೂ ಬಂದು ಬೀಳಲ್ಲ, ಬೆರಳು ಇದ್ದರೆ ಸಾಕು ಎಂದು ಅವನು ಉತ್ತರ ಕೊಡುತ್ತಿದ್ದ.

ಎರಡನೇ ಕುರ್ಚಿ ನನ್ನದಾಗಿ ಎರಡು ವರ್ಷವಾಗಿತ್ತು. ಯಾಕೆ ಎಂದು ನಾವಿಬ್ಬರೂ ಕೇಳಿಕೊಂಡಿರಲಿಲ್ಲ. ಎರಡು ವರ್ಷದಲ್ಲಿ ನಾನು ಅವನನ್ನು ಒಂದೇ ಒಂದು ಸಲವೂ ಸೋಲಿಸಿರಲಿಲ್ಲ.

ಆ ಸೋಮವಾರ ನಾಲ್ಕು ಸಲ ಗೆದ್ದೆ.

ಮೊದಲನೆಯದು ಅದೃಷ್ಟ ಎಂದುಕೊಂಡೆ. ಎರಡನೆಯದಕ್ಕೆ ಅವನ ಮುಖ ನೋಡಿದೆ. ಅವನು ಪರದೆಯನ್ನೇ ನೋಡುತ್ತಿದ್ದ, ತುಟಿಯ ಒಂದು ಕೊನೆಯಲ್ಲಿ ನಗುವಿತ್ತು. ಮೂರನೆಯದಕ್ಕೆ ನನ್ನ ಕಿವಿ ಬಿಸಿಯಾಯಿತು. ಸೋಲುವುದೆಂದರೆ ಆಗದ ಗಂಡಸು, ಚಹಾ ಮೊದಲು ಯಾರ ಲೋಟಕ್ಕೆ ಎಂಬುದರಲ್ಲೂ ಪೈಪೋಟಿ ಮಾಡುವವನು, ನನಗಾಗಿ ಬಿಟ್ಟುಕೊಡುತ್ತಿದ್ದಾನೆ ಎಂದುಕೊಂಡೆ.

“ಏನೋ ಇದು, ಧಾರಾಳ ಜಾಸ್ತಿ ಆಯ್ತಲ್ಲ?” ಎಂದೆ.

“ನೀನು ಚೆನ್ನಾಗಿ ಆಡ್ದೆ,” ಎಂದ. ಕಣ್ಣು ಸೇರಿಸಲಿಲ್ಲ. ನಾಚಿಕೆ ಎಂದುಕೊಂಡೆ.

ಮೂವತ್ತೇಳು ವರ್ಷದ ಹೆಂಗಸು ನಾನು. ಆ ಸಂಜೆ ಟ್ರಾಮಿನಲ್ಲಿ ಕಿಟಕಿಯ ಗಾಜಿಗೆ ಹಣೆ ಆನಿಸಿ ಒಬ್ಬಳೇ ನಗುತ್ತಾ ಮನೆಗೆ ಹೋದೆ.

ಶನಿವಾರದ ವಿಡಿಯೋ ನೋಡಿ ಯಾರಾದರೂ ಪ್ರಶ್ನೆ ಎತ್ತಿದರೆ ಕೈಯಲ್ಲಿ ಉತ್ತರ ಇರಲಿ ಎಂದು ಸ್ಟಾನಾರ್ಡ್ ಬುಧವಾರ ಅವನಿಗೆ ತಲೆಯ ಪರೀಕ್ಷೆಯನ್ನೂ ಮಾಡಿಸಿದ. ಹತ್ತು ಪದ ಕೇಳಿಸಿಕೊಂಡು ಒಪ್ಪಿಸಬೇಕು, ಅಂಕಿಗಳನ್ನು ಹಿಂದುಮುಂದಾಗಿ ಹೇಳಬೇಕು, ಒಂಟಿಕಾಲಲ್ಲಿ ನಿಲ್ಲಬೇಕು. ಬಂದ ಅಂಕವನ್ನು ಸೀಸನ್ ಶುರುವಾಗುವ ಮುಂಚೆ, ಜನವರಿಯಲ್ಲಿ, ಅದೇ ಆಟಗಾರ ತೆಗೆದ ಅಂಕದ ಪಕ್ಕ ಇಟ್ಟು ನೋಡುತ್ತಾರೆ.

ಕ್ವಿಗ್ಸ್ ಪಾಸಾದ. ಪಾಸಾಗಲೇಬೇಕಿತ್ತು. ಜನವರಿಯಲ್ಲಿ ಎಲ್ಲರೂ ಬೇಕೆಂದೇ ತಪ್ಪು ಮಾಡುತ್ತಾರೆ. ಹತ್ತು ಪದ ನೆನಪಿದ್ದರೂ ಐದು ಹೇಳುತ್ತಾರೆ, ಒಂಟಿಕಾಲಲ್ಲಿ ನಿಂತವರು ಸುಮ್ಮನೆ ತೂಗಾಡುತ್ತಾರೆ. ಮುಂದೆ ಪೆಟ್ಟು ಬಿದ್ದಾಗ ಅಂಕ ಇಳಿದಂತೆ ಕಾಣಬಾರದು. ಹಳಬರು ಹೊಸಬರಿಗೆ ಕಲಿಸುವ ಮೊದಲ ಪಾಠವೇ ಇದು, ಚೆಂಡು ಒದೆಯುವುದು ಆಮೇಲೆ. ಆ ಜನವರಿಯಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತಿದ್ದವಳು ನಾನು. ಕ್ವಿಗ್ಸ್ ಕೊಕ್ಕರೆಯಂತೆ ತೂಗಾಡಿ ನನಗೆ ಕಣ್ಣು ಹೊಡೆದಿದ್ದ. ನಾನು ನಕ್ಕು ‘ಐದು’ ಎಂದು ಬರೆದಿದ್ದೆ. ಈ ಬುಧವಾರ ಅವನು ಹೇಳಿದ್ದೂ ಐದೇ. ಬೇಕೆಂದು ಅಲ್ಲ.

ಅದು ನನಗೆ ಅಲ್ಲಿ ಹೊಳೆಯಲಿಲ್ಲ. ಮಧ್ಯಾಹ್ನ ಅವನ ಮನೆಯಲ್ಲಿ ಹೊಳೆಯಿತು.

ಅವನು ಕರೆಯದಿದ್ದರೂ ನಾನೇ ಹೋಗಿದ್ದೆ, ಬೇಕರಿಯಿಂದ ಹಂದಿಮಾಂಸದ ಎರಡು ಬ್ರೆಡ್ ರೋಲ್ ಕಟ್ಟಿಸಿಕೊಂಡು. ಈ ಸಲ ಸರಿಯಾಗಿ ಆಡು, ದಾನ ನನಗೆ ಬೇಡ ಎಂದೆ. ಮನಸ್ಸಿನಲ್ಲಿ ಬೇರೆಯೇ ಲೆಕ್ಕವಿತ್ತು: ಅವನು ಗೆದ್ದರೆ ನಗುತ್ತಾನೆ, ನಕ್ಕರೆ ಕೇಳುತ್ತೇನೆ, ಎರಡನೇ ಕುರ್ಚಿ ಯಾರದ್ದು ಎಂದು.

ಅವನು ಸೋತ. ಮತ್ತೆ ಆಡೋಣ ಎಂದ. ಮತ್ತೆ ಸೋತ. ಮೂರನೇ ಸಲ ಅವನ ಹಣೆಯಲ್ಲಿ ಬೆವರು ಮೂಡಿತ್ತು, ಕಿಟಕಿಯ ಬೆಳಕಿಗೆ ಕಣ್ಣು ಕಿರಿದು ಮಾಡುತ್ತಿದ್ದ. ಎದ್ದು ಕಿಟಕಿಯ ಪರದೆ ಎಳೆದು ಬಂದ.

“ಕ್ವಿಗ್ಸ್, ಸಾಕು ಕಣೋ. ಬಿಟ್ಟುಕೊಡ್ಬೇಡ.”

ಅವನು ಕೈಯಲ್ಲಿದ್ದ ಗೇಮ್ ಕಂಟ್ರೋಲರನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

“ನಾನು ಬಿಟ್ಟುಕೊಡ್ತಿಲ್ಲ,” ಎಂದ. “ಸೋಮವಾರಾನೂ ಬಿಟ್ಟುಕೊಟ್ಟಿರ್ಲಿಲ್ಲ.”

ಪ್ರತಿ ಓಟದ ಕೊನೆಗೆ ಆ ಆಟ ಒಂದು ಲೆಕ್ಕ ತೋರಿಸುತ್ತದೆ. ದೀಪ ಹಸಿರಾದ ಮೇಲೆ ಬೆರಳು ಒತ್ತಲು ಎಷ್ಟು ಹೊತ್ತಾಯಿತು ಎಂದು. ಅವನು ಹಳೆಯದನ್ನೆಲ್ಲ ತೆರೆದು ತೋರಿಸಿದ. ಎರಡು ವರ್ಷ, ಜ್ವರ ಬಂದ ದಿನವೂ, ಸೆಕೆಂಡಿನ ಐದನೇ ಒಂದು ಪಾಲು. ಶನಿವಾರದಿಂದ ಈಚೆಗೆ ಮೂರನೇ ಒಂದು ಪಾಲು. ಅವನ ತಲೆಯ ಬಗ್ಗೆ ಸುಳ್ಳು ಹೇಳದಿದ್ದದ್ದು ಆ ಆಟವೊಂದೇ.

ಅವನು ಮೊದಲೇ ನೋಡಿಕೊಂಡಿದ್ದ. ಯಾರಿಗೂ ಹೇಳಬೇಡ ಎಂದು ಕೇಳಿಕೊಂಡ. ಒಂದು ಶನಿವಾರ, ಒಂದೇ ಪಂದ್ಯ, ಆಮೇಲೆ ಎಷ್ಟು ಬೇಕಾದರೂ ಮಲಗಿರುತ್ತೇನೆ ಎಂದ. ಶನಿವಾರ ಅದೇ ತಲೆಗೆ ಇನ್ನೊಂದು ಪೆಟ್ಟು ಬಿದ್ದರೆ ಅವನು ಮತ್ತೆ ಏಳದೇ ಇರಬಹುದು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ಹೊರಡುವಾಗ ಅವನು ಬಾಗಿಲಲ್ಲಿ ನನ್ನ ಕೈ ಹಿಡಿದ. ಮೊದಲ ಸಲ, ನಡುವೆ ಟೇಪ್ ಇಲ್ಲದೆ. ನನ್ನನ್ನು ಕರೆಯಲು ಬಾಯಿ ತೆರೆದ. ಹೆಸರು ಬರಲಿಲ್ಲ. ಕಣ್ಣು ಕಿರಿದಾಯಿತು, ತುಂಟತನಕ್ಕಲ್ಲ, ಹುಡುಕಾಟಕ್ಕೆ. ಕೊನೆಗೆ, “ಮೆರಿನ್,” ಎಂದ.

ಒಂಬತ್ತು ವರ್ಷದಲ್ಲಿ ಅವನು ನನ್ನನ್ನು ಹಾಗೆ ಕರೆದದ್ದೇ ಇಲ್ಲ.

ಗುರುವಾರ ಕೊನೆಯ ತರಬೇತಿ. ಮೈದಾನದ ಸುತ್ತ ಸಾವಿರಾರು ಜನ, ಹೆಗಲ ಮೇಲೆ ಕ್ಲಬ್‌ನ ಸ್ಕಾರ್ಫ್, ಕೈಯಲ್ಲಿ ಮಾಂಸ ತುಂಬಿದ ಬಿಸಿ ಪೈ. ಗೇಟಿನ ಹತ್ತಿರ ಟಿವಿಯವರು. ಕ್ವಿಗ್ಸ್ ನನ್ನ ಮೇಜಿನ ಮೇಲೆ ಅಂಗಿ ತೆಗೆದು ಕೂತಿದ್ದ. ಮುಖ ಬಿಳಿಚಿತ್ತು. ಅಭ್ಯಾಸಬಲದಿಂದ ಎಡಗೈ ಎತ್ತಿದ.

ಸ್ಟಾನಾರ್ಡ್ ಬಾಗಿಲಲ್ಲಿ ನಿಂತು, “ಎಡಭುಜ, ಮೆರಿನ್. ಸ್ವಲ್ಪ ದಪ್ಪಗೇ ಸುತ್ತಮ್ಮ, ಕ್ಯಾಮೆರಾಗೆ ಕಾಣ್ಲಿ,” ಎಂದ.

ನಾನು ಟೇಪ್ ಕೈಗೆತ್ತಿಕೊಂಡೆ. ಅದರ ತುದಿ ಹುಡುಕಲು ನನ್ನ ಬೆರಳಿಗೆ ಕಣ್ಣು ಬೇಕಿಲ್ಲ. ತುದಿ ಸಿಕ್ಕಿತು. ಅದನ್ನು ಮತ್ತೆ ಒತ್ತಿ ಅಂಟಿಸಿ ಮೇಜಿನ ಮೇಲಿಟ್ಟೆ.

“ಸುತ್ತಲ್ಲ,” ಎಂದೆ. “ಆ ಭುಜಕ್ಕೆ ಏನೂ ಆಗಿಲ್ಲ. ಶನಿವಾರ ನಾನು ಸುಳ್ಳು ಬರೆದೆ. ಈಗ ಡಾಕ್ಟರ ಹತ್ರ ಹೋಗಿ ನಿಜ ಬರೀತೀನಿ.”

ಸ್ಟಾನಾರ್ಡ್ ಬಾಗಿಲು ಮುಚ್ಚಿದ. ಕೂಗಾಡಲಿಲ್ಲ, ಅವನು ಕೂಗಾಡುವವನಲ್ಲ. ಹನ್ನೊಂದು ವರ್ಷದ ಕೆಲಸದ ಬಗ್ಗೆ ಹೇಳಿದ. ಹೊರಗೆ ನಿಂತ ಜನರ ಬಗ್ಗೆ ಹೇಳಿದ. ಈ ಹುಡುಗನ ಬಾಳಿನ ಒಂದೇ ಅವಕಾಶ ಕಸಿದುಕೊಳ್ಳಲು ನೀನು ಯಾರು ಎಂದು ಕೇಳಿದ.

ನಾನು ಕ್ವಿಗ್ಸ್ ಕಡೆ ತಿರುಗಿದೆ. ಅವನ ಕೈ ಇನ್ನೂ ಮೇಲೇ ಇತ್ತು.

“ನಿನ್ನನ್ನ ಒಂದು ಸಲ ಸೋಲಿಸ್ಬೇಕು ಅಂತ ಎರಡು ವರ್ಷ ಆಸೆಪಟ್ಟೆ ಕಣೋ. ಹೀಗಲ್ಲ. ನಿನ್ನ ಪಕ್ಕದ ಕುರ್ಚೀಲಿ ಮುದುಕಿ ಆಗೋವರೆಗೂ ಸೋಲ್ತೀನಿ. ಆದ್ರೆ ನೀನು ನನ್ನನ್ನ ಕರೀಬೇಕು. ನೀನೇ ಇಟ್ಟ ನನ್ನ ಹೆಸರು ನಿನ್ನೆ ನಿಂಗೆ ಸಿಗ್ಲಿಲ್ಲ.”

ಹೊರಗೆ ಜನ ಹಾಡತೊಡಗಿದ್ದರು. ಅವನು ಬಹಳ ಹೊತ್ತು ನನ್ನ ಕೈಯನ್ನೇ ನೋಡಿದ. ಬೆರಳ ತುದಿಯ ಬಿಳಿ ಅಂಟು, ಉಗುರಿನ ಸಂದಿಯ ಕೊಳೆ. ಅವನ ತುಟಿ ಒಮ್ಮೆ ಆಡಿತು, ನಿಂತಿತು, ಮತ್ತೆ ಆಡಿತು.

“ಗೋಂದು,” ಎಂದ.

ಎತ್ತಿದ್ದ ಕೈ ಕೆಳಗಿಳಿಯಿತು.

ಸ್ಟಾನಾರ್ಡ್ ಮೇಜಿನ ಮೇಲಿದ್ದ ಟೇಪ್ ತಾನೇ ತೆಗೆದುಕೊಂಡ. ಉಗುರಿನಲ್ಲಿ ಕೆರೆದು ಕೆರೆದು ತುದಿ ಹುಡುಕಿದ. “ಕೈ ಎತ್ತು, ಕ್ವಿಗ್ಸ್. ಟೈಮ್ ಆಯ್ತು.”

ಕ್ವಿಗ್ಸ್ ಪಕ್ಕದಲ್ಲಿದ್ದ ಅಂಗಿಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡ. ಅದರ ಮೇಲೆ ಎರಡೂ ಕೈ ಇಟ್ಟ.

“ಎತ್ತಲ್ಲ,” ಎಂದ.