ಬದಲಾದ ಗಿಲಕಿಗಳು

೨೦೧೯ರ ಮಾರ್ಚ್ ೧೨, ಮಂಗಳವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ತಾಹೇರಾ ಎಂಬ ಸಂಶೋಧನಾ ವಿದ್ಯಾರ್ಥಿನಿ ಚನ್ನಪಟ್ಟಣದ ಠಾಣೆಗೆ ಬಂದು, ತನ್ನ ಮೂರು ಮರದ ಗಿಲಕಿಗಳು ಕಳುವಾಗಿವೆ ಎಂದು ದೂರು ಕೊಟ್ಟಳು. ಹೇಳುತ್ತಲೇ ಚೀಲದಿಂದ ಮೂರು ಗಿಲಕಿ ತೆಗೆದು ಮೇಜಿನ ಮೇಲಿಟ್ಟಳು.

ರೈಟರ್ ಚೆಲುವಯ್ಯ ಗಿಲಕಿಗಳನ್ನು ನೋಡಿ, ಅವಳನ್ನು ನೋಡಿದ. “ಕಳ್ದೋದ್ವು ಅಂತೀರಿ. ಇಲ್ಲೇ ಅವಲ್ಲ ತಾಯಿ?”

“ಇವು ನನ್ನವಲ್ಲ ಸರ್. ನೋಡೋಕೆ ಮಾತ್ರ ಹಾಗಿವೆ.”

ಸಬ್ ಇನ್‌ಸ್ಪೆಕ್ಟರ್ ಮರಿಯಪ್ಪ ಅವಳನ್ನು ಒಳಗೆ ಕರೆದು ಕೂರಿಸಿದ. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಕೋಳಿ, ಮೋಟರು, ರೇಷ್ಮೆಗೂಡು ಕದ್ದವರನ್ನು ಕಂಡಿದ್ದ. ಗಿಲಕಿ ಕದ್ದವರನ್ನು ಕಂಡಿರಲಿಲ್ಲ.

ತಾಹೇರಾ ಬಿಡಿಸಿ ಹೇಳಿದಳು. ಎಳೆಮಕ್ಕಳ ಕಿವಿ ಪರೀಕ್ಷಿಸುವ ಯಂತ್ರಕ್ಕೆ ಲಕ್ಷಗಟ್ಟಲೆ ಬೆಲೆ. ಅದಿಲ್ಲದ ಊರುಗಳಲ್ಲಿ ಅಂಗನವಾಡಿಯವರೇ ಒಂದು ಮರದ ಆಟಿಕೆಯಿಂದ ಕಿವಿಯ ದೋಷ ಪತ್ತೆಮಾಡಬಹುದೇ ಎಂಬುದು ಅವಳ ಸಂಶೋಧನೆ. ಒಂದು ಗಿಲಕಿಯದು ತಗ್ಗು ದನಿ, ಒಂದರದು ನಡುವಣ ದನಿ, ಇನ್ನೊಂದರದು ಏರು ದನಿ. ಮೂರೂ ಪಿಸುಮಾತಿಗಿಂತ ಜೋರಾಗಬಾರದು. ಮಗುವಿನ ಕಿವಿಯ ಹಿಂದೆ ಆಡಿಸಿದಾಗ ತಲೆ ತಿರುಗಿಸಿದರೆ ಸರಿ, ಇಲ್ಲವಾದರೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ದಿನಾ ಬೆಳಿಗ್ಗೆ ಸದ್ದಿನ ಮೀಟರು ಹಿಡಿದು ನೋಡುವುದು ಅವಳ ರೂಢಿ. ಇವತ್ತು ಮೂರೂ ಹನ್ನೊಂದು ಡೆಸಿಬಲ್ ಹೆಚ್ಚು ತೋರಿಸಿದ್ದವು.

“ಇದರಿಂದ ಏನು ನಷ್ಟ?” ಮರಿಯಪ್ಪ ಕೇಳಿದ.

“ಅರ್ಧ ಕಿವುಡಿರೋ ಮಗೂನೂ ಈ ಸದ್ದಿಗೆ ತಿರುಗತ್ತೆ ಸರ್. ಸರಿ ಇದೆ ಅಂತ ಮನೆಗೆ ಕಳಿಸಿಬಿಡ್ತೀವಿ. ಮೊದಲ ವರ್ಷದಲ್ಲಿ ಮಾತು ಕಿವಿಗೆ ಬೀಳದಿದ್ರೆ ಮಿದುಳು ಕಲಿಯೋ ಹೊತ್ತು ದಾಟಿಹೋಗತ್ತೆ. ಆಮೇಲೆ ಕಿವಿಗೆ ಮಿಷನ್ ಹಾಕಿದ್ರೂ ಕಷ್ಟ.”

ಹನ್ನೊಂದು ಗಂಟೆಗೆ ಐಪಿಸಿ ೩೮೦ರಡಿ ಎಫ್ಐಆರ್ ಆಯಿತು.

ಹನ್ನೊಂದೂ ಮುಕ್ಕಾಲಿಗೆ ಸ್ಥಳ ಪಂಚನಾಮೆ. ಪರೀಕ್ಷೆ ನಡೆಯುತ್ತಿದ್ದುದು ಒಂದು ಬಾಡಿಗೆ ಮನೆಯ ಮುಂಗೋಣೆಯಲ್ಲಿ. ಬೀಗ ಮುರಿದಿರಲಿಲ್ಲ, ಕಿಟಕಿಯ ಸರಳು ಬಾಗಿರಲಿಲ್ಲ. ಕೋಣೆ ನೋಡಿಕೊಳ್ಳುವ ವೆಂಕಟಲಕ್ಷ್ಮಮ್ಮನ ಹೇಳಿಕೆಯನ್ನು ಕಾನ್‌ಸ್ಟೆಬಲ್ ಕಾವೇರಮ್ಮ ಬರೆದುಕೊಂಡಳು. ಸೋಮವಾರ ಸಂಜೆ ನಾಲ್ಕೂವರೆಗೆ ಬೊಂಬೆ ಮಾಡುವ ಮುಕ್ತಿಯಾರ್ ಸಾಬರು ಬಂದಿದ್ದರು. ಮೇಜಿನ ಕಾಲು ಅಲ್ಲಾಡುತ್ತದೆ, ಸರಿಮಾಡುತ್ತೇನೆ ಎಂದಿದ್ದರು. ಗೊತ್ತಿರುವವರೇ ಎಂದು ವೆಂಕಟಲಕ್ಷ್ಮಮ್ಮ ಕಾಫಿ ಕಾಸಲು ಹೋಗಿದ್ದರು. ಬೇರೆ ಯಾರೂ ಬಂದದ್ದನ್ನು ಅವರು ಕಂಡಿರಲಿಲ್ಲ.

ಮುಕ್ತಿಯಾರ್ ಎಂಬ ಹೆಸರು ಕೇಳಿ ತಾಹೇರಾ ನಂಬಲಾರದೆ ತಲೆಯಾಡಿಸಿದಳು. ಮೊದಲಿನ ಗಿಲಕಿಗಳನ್ನು ಮಾಡಿಕೊಟ್ಟವರೇ ಅವರು. ದನಿ ಸರಿಹೋಗುವ ತನಕ ಹದಿನೇಳು ಸಲ ತಿದ್ದಿದ್ದರು, ಕೊಟ್ಟರೂ ಕೂಲಿ ಮುಟ್ಟಿರಲಿಲ್ಲ. ತಾವೇ ಮಾಡಿದ್ದನ್ನು ತಾವೇ ಯಾಕೆ ಕದಿಯುತ್ತಾರೆ?

ಮರಿಯಪ್ಪನಿಗೂ ಅದೇ ಅನ್ನಿಸಿತು. ಆ ಕೆಲಸ ಕೈತಪ್ಪಿದ ಬೇರೆ ಯಾರಾದರೂ ಹೆಸರು ಕೆಡಿಸಲು ಮಾಡಿರಬಹುದೆಂದು, ಒಂದೂವರೆ ಗಂಟೆಗೆ ನಜೀರ್ ಎಂಬಾತನ ಬೊಂಬೆ ಕಾರ್ಖಾನೆಗೆ ಹೋದ. ನಜೀರ್ ಊಟದ ಕೈ ತೊಳೆದು, ಗಿಲಕಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದ.

“ನೀನೇ ಮಾಡಿದ್ದಾ?”

“ಇಷ್ಟು ಚೆಂದ ನಂಗೆ ಬಂದಿದ್ರೆ ಇಷ್ಟೊತ್ತಿಗೆ ದುಬೈನಾಗೆ ಅಂಗಡಿ ಇಟ್ಟಿರ್ತಿದ್ದೆ ಸಾರ್.”

“ಯಾರ್ದು ಹಂಗಾದ್ರೆ?”

ಅರಗಿನ ಬಣ್ಣ ಬಳಿದ ಮೇಲೆ ತಾಳೆಗರಿ ಒತ್ತಿ ಹೊಳಪು ಕೊಡುವಾಗ ಒಬ್ಬೊಬ್ಬರ ಬೆರಳು ಒಂದೊಂದು ಕಡೆ ನಿಲ್ಲುತ್ತದಂತೆ. ತನಗೆ ಆ ಕೆಲಸ ಕಲಿಸಿದವರ ಬೆರಳು ತನಗೆ ಗೊತ್ತಿಲ್ಲವೇ ಎಂದ. ಹೆಸರು ಮಾತ್ರ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ; ಅವನಿಗೆ ಕಲಿಸಿದವರು ಮುಕ್ತಿಯಾರ್ ಎಂದು ಊರಿಗೇ ಗೊತ್ತಿತ್ತು.

ಕಾರಣ ಸಿಕ್ಕಿದ್ದು ತಾಹೇರಾಳ ರಿಜಿಸ್ಟರಿನಲ್ಲಿ. ನೂರ ನಲವತ್ತು ಮಕ್ಕಳ ಹೆಸರುಗಳ ಮೇಲೆ ಬೆರಳಾಡಿಸುತ್ತಿದ್ದ ಕಾವೇರಮ್ಮ ಒಂದು ಸಾಲಿನಲ್ಲಿ ನಿಂತಳು. ಮಾರ್ಚ್ ೭. ಮುನವ್ವರಾ, ಹೆಣ್ಣು, ಎಂಟು ತಿಂಗಳು. ತಾಯಿ ಮಜೀದಾ. ಕರೆತಂದವರು ಅಜ್ಜ ಮುಕ್ತಿಯಾರ್. ಪರೀಕ್ಷಿಸಿದವರು ಅಂಗನವಾಡಿಯವರು. ಮೂರು ಗಿಲಕಿಗೂ ತಿರುಗಲಿಲ್ಲ. ಮರುಪರೀಕ್ಷೆ ಮಾರ್ಚ್ ೧೨.

“ಇವತ್ತೇ ಸಾರ್,” ಎಂದಳು ಕಾವೇರಮ್ಮ.

ಮೂರೂ ಕಾಲಿಗೆ ಇಬ್ಬರೂ ಮುಕ್ತಿಯಾರರ ಮನೆ ತಲುಪಿದರು. ಮುಂದಿನ ಕೋಣೆಯಲ್ಲಿ ಮರ ಕಡೆಯುವ ಲೇತ್ ನಿಂತಿತ್ತು. ಅರವತ್ತು ದಾಟಿದ ಮುಕ್ತಿಯಾರ್ ಅದರ ಪಕ್ಕದ ಮಣೆಯ ಮೇಲೆ ಸುಮ್ಮನೆ ಕುಳಿತಿದ್ದರು. ಎದುರಿಗೆ ಒಂದು ಬಟ್ಟೆ ಹಾಸಿ, ಅದರ ಮೇಲೆ ಆರು ಹೋಳು ಜೋಡಿಸಿದ್ದರು. ಕಳುವಾದ ಮೂರು ಗಿಲಕಿಗಳನ್ನೂ ನಡುವೆ ಸೀಳಿ ತೆರೆದಿದ್ದರು.

ಮರಿಯಪ್ಪ ಅವರೆದುರು ಕುಕ್ಕರಗಾಲಲ್ಲಿ ಕುಳಿತ. “ಇದ್ಯಾಕೆ ಸೀಳಿದ್ರಿ ಸಾಬ್ರೇ?”

“ತಪ್ಪು ಎಲ್ಲೈತೆ ಅಂತ ನೋಡಕ್ಕೆ ಸಾರ್.”

“ಯಾವ ತಪ್ಪು?”

“ನಂದು. ಆಲೆಮರ ಒಸಿ ಹಸಿ ಇದ್ದಿರ್ಬೇಕು. ಇಲ್ಲಾ ಗೋಡೆ ದಪ್ಪ ಬುಟ್ಟಿರ್ಬೇಕು. ಅದಕ್ಕೇ ಮಗೂಗೆ ಕೇಳಿಸ್ಲಿಲ್ಲ ಅಂದ್ಕೊಂಡೆ. ತೆಳ್ಳಗೆ ಬೇರೆ ಮಾಡಿ ಇಟ್ಟು ಬಂದೆ.”

“ಬೇರೆ ಮಕ್ಕಳಿಗೆ ಕೇಳಿಸಿತ್ತಲ್ಲ ಸಾಬ್ರೇ.”

ಮುಕ್ತಿಯಾರ್ ಒಂದು ಹೋಳನ್ನು ಎತ್ತಿ, ಒಳಮೈಯಲ್ಲಿ ಹೆಬ್ಬೆರಳು ಆಡಿಸಿದರು. “ಬೆಳಗಿಂದ ನೋಡ್ತಾ ಇವ್ನಿ. ಮರ ಒಣಗೈತೆ. ಗೋಡೆ ಒಂದೇ ಸಮ ಐತೆ. ಏನೂ ತಪ್ಪಿಲ್ಲ ಸಾರ್.”

ಆಮೇಲೆ ಅವರು ಅತ್ತರು. ಮರಿಯಪ್ಪ ಲೇತಿನ ಕಡೆ ನೋಡುತ್ತ ಕುಳಿತ. ಸ್ವಲ್ಪ ಹೊತ್ತಿನ ನಂತರ ಮುಕ್ತಿಯಾರ್ ಒಂದೇ ಒಂದು ಕೇಳಿಕೊಂಡರು. ಸೊಸೆಗೆ ಮಗುವಿನ ವಿಷಯ ಇನ್ನೂ ಗೊತ್ತಿಲ್ಲ, ಪರೀಕ್ಷೆಯ ದಿನ ಅವಳಿಗೆ ಜ್ವರವಿತ್ತು, ಎಲ್ಲ ಸರಿ ಇದೆ ಎಂದು ತಾನೇ ಸುಳ್ಳು ಹೇಳಿದ್ದೇನೆ. ಈಗ ನಿಜ ಹೇಳಲು ಬಾಯಿ ಬರುತ್ತಿಲ್ಲ, ಕಾನ್‌ಸ್ಟೆಬಲ್ ಮೇಡಂ ಹೇಳಬೇಕು.

ಕಾವೇರಮ್ಮ ಒಳಗೆ ಹೋದಳು. ಮಜೀದಾ ಬಾಗಿಲ ಮರೆಯಲ್ಲೇ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಹೇಗೆ ಶುರುಮಾಡಬೇಕೆಂದು ಕಾವೇರಮ್ಮ ತಡವರಿಸುವಾಗ ಅವಳೇ ಮೆಲ್ಲಗೆ ಹೇಳಿದಳು.

“ನಂಗೆ ಎರಡನೇ ತಿಂಗಳಿಂದಾನೇ ಗೊತ್ತಕ್ಕ. ಇವಳು ದಿನಾ ಲೇತ್ ಪಕ್ಕದಲ್ಲೇ ಮಲಗ್ತಾಳೆ. ಅಷ್ಟು ಸದ್ದಿಗೆ ಒಂದಿನಾನೂ ಬೆಚ್ಚಿಲ್ಲ. ಅಬ್ಬಾ ಬಂದೋರಿಗೆಲ್ಲ, ನೋಡಿ, ನನ್ನ ಮೊಮ್ಮಗಳಿಗೆ ನನ್ನ ಮಿಷನ್ನೇ ಜೋಗುಳ ಅಂತಿದ್ರು. ಆ ಖುಷಿ ಹೆಂಗೆ ಕಿತ್ಕೊಳ್ಳೋದು?”

ಕಾವೇರಮ್ಮ ಕೈಚಾಚಿದಳು. ಮಗು ಸಲೀಸಾಗಿ ಬಂತು. ಅದನ್ನೆತ್ತಿಕೊಂಡೇ ತಾಹೇರಾಗೆ ಫೋನು ಮಾಡಿದಳು. ಆ ಕಡೆಯಿಂದ ಬಂದ ಉತ್ತರವನ್ನು ಮುಂಗೋಣೆಯವರೆಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು. ಗುರುವಾರ ಮೈಸೂರಿನಲ್ಲಿ ಯಂತ್ರದ ಪರೀಕ್ಷೆ, ಜೊತೆಗೆ ತಾಹೇರಾಳೇ ಹೋಗುತ್ತಾಳೆ. ಎಂಟು ತಿಂಗಳು ತಡವಲ್ಲ.

ಆರು ಹೋಳುಗಳನ್ನು ಪಂಚರ ಮುಂದೆ ಜಪ್ತಿ ಮಾಡಿ ಪಂಚನಾಮೆ ಬರೆದರು. ನಾಲ್ಕು ನಲವತ್ತಕ್ಕೆ ಮುಕ್ತಿಯಾರರ ದಸ್ತಗಿರಿಯಾಯಿತು. ಬಂಧನದ ಸುದ್ದಿ ತಿಳಿಸಿದ್ದಕ್ಕೆ ಮನೆಯವರ ಸಹಿ ಬೇಕಿತ್ತು. ಮಜೀದಾ ಹೊರಗೆ ಬಂದು ರುಜು ಹಾಕಿದಳು. ನಂತರ ಮಾವನ ತೋಳಿಗೆ ಅಂಟಿದ್ದ ಮರದ ಪುಡಿಯನ್ನು ಸೆರಗಿನಿಂದ ಒರೆಸಿದಳು.

ಸಂಜೆ ಮರಿಯಪ್ಪ ಕೇಸ್ ಡೈರಿ ಬರೆಯಲು ಕುಳಿತ. ಕೃತ್ಯದ ಉದ್ದೇಶ ಎಂಬಲ್ಲಿ ದ್ವೇಷ ಎಂದು ಬರೆಯುವಂತಿರಲಿಲ್ಲ, ಲಾಭ ಎಂದೂ ಬರೆಯುವಂತಿರಲಿಲ್ಲ. ಕೊನೆಗೆ ಒಂದು ಸಾಲು ಬರೆದ: “ತಪ್ಪು ಮಗುವಿನ ಕಿವಿಯಲ್ಲಿಲ್ಲ, ತನ್ನ ಕೈಯಲ್ಲಿದೆ ಎಂದು ಆರೋಪಿಯು ಐದು ದಿನ ನಂಬಿದ್ದನು.”