ಮೂರನೇ ಸಿಲಿಂಡರ್

ನನ್ನ ಕೈಕೆಲಸದ ಬಗ್ಗೆ ಜಂಬ ಕೊಚ್ಚಿಕೊಳ್ಳುತ್ತೇನೆ, ಆದರೆ ಸುಳ್ಳು ಹೇಳುವುದಿಲ್ಲ. ಮಾದರಿ ವಿಮಾನದ ಮೂತಿಗೆ ನಾನು ಕೂರಿಸಿದ್ದು ಬರೀ ತೋರಿಕೆಯ ಎಂಜಿನ್. ಮರದ ತುಂಡುಗಳಿಗೆ ಹೊಲಿಗೆ ದಾರ ಸುತ್ತಿ, ಕಪ್ಪು ಬಣ್ಣ ಬಳಿದ ಏಳು ಸಿಲಿಂಡರ್. ಕಬ್ಬಿಣವಲ್ಲ ಎಂದರೆ ಯಾರೂ ನಂಬುತ್ತಿರಲಿಲ್ಲ.

ಕಣ್ಣು ಹೋಗುವ ತನಕ ಗ್ಯಾರೇಜಿನಲ್ಲಿ ದುಡಿದ ಅಪ್ಪನ ಮುಂದೆ ತಂದಿಟ್ಟೆ. ಅವರು ಸಿಲಿಂಡರುಗಳನ್ನು ಒಂದೊಂದಾಗಿ ಮುಟ್ಟಿದರು.

"ಚೆನ್ನಾಗ್ ಮಾಡಿದ್ದೀಯ ಕಣೋ. ಆದ್ರೆ ಮೂರನೇದು ಕೆಲಸ ಮಾಡ್ತಿಲ್ಲ, ತಣ್ಣಗಿದೆ."

ನಗುತ್ತಲೇ ನಾನೂ ಮುಟ್ಟಿದೆ. ಉಳಿದ ಆರೂ ಬಿಸಿಯಾಗಿದ್ದವು.

ನೋಡಿದರೆ, ಪ್ಲಗ್ಗಿನ ವೈರಿನಂತೆ ಒಂದು ತುಂಡು ದಾರ ಅಂಟಿಸುವುದನ್ನು ಅದೊಂದಕ್ಕೇ ಮರೆತಿದ್ದೆ. ಅಂಟಿಸಿದೆ. ಅಪ್ಪ ಮತ್ತೆ ಮುಟ್ಟಿ, ಚಟ್ಟನೆ ಕೈ ಹಿಂದೆಳೆದುಕೊಂಡರು.

"ಈಗ ಸರಿಹೋಯ್ತು," ಎಂದು ಬೆನ್ನು ತಟ್ಟಿದರು.

ಅವರ ಬೆರಳಿನ ಬೊಬ್ಬೆ ಒಣಗಲು ನಾಲ್ಕು ದಿನ ಹಿಡಿಯಿತು.