ಬೇಡ ಎಂದವರ ಮನೆಯ ಚಹಾ

ತಪ್ಪೆಲ್ಲ ತೆಂಗಿನಕಾಯಿಯದು.

"ಬರಿಗೈಯಲ್ಲಿ ಹೋಗಬೇಡ" ಎಂದು ಮುಂಬಯಿಯ ಸಾಹೇಬರು ಫೋನಿನಲ್ಲಿ ಹೇಳಿದ್ದನ್ನು ನಿತೇಶ ಕಾರವಾರದವರ ರೀತಿಯಲ್ಲೇ ಅರ್ಥ ಮಾಡಿಕೊಂಡ. ಒಂದು ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು, ಎರಡು ಮೊಳ ಅಬ್ಬಲಿಗೆ ಹೂವು. ಪರಿಚಯಕ್ಕೆ ಅಮದಳ್ಳಿಯ ಜಯಂತಿ ಅತ್ತೆ. ಇಷ್ಟು ಹಿಡಿದುಕೊಂಡು 2006ರ ಏಪ್ರಿಲಿನ ಒಂದು ಶನಿವಾರ ಅಂಕೋಲೆಯ ಹರಿಶ್ಚಂದ್ರ ನಾಯಕರ ಜಗಲಿ ಹತ್ತಿದರೆ ಯಾವ ಮನೆಯವರಾದರೂ ಏನು ತಿಳಿಯುತ್ತಾರೋ ಅದನ್ನೇ ಅವರೂ ತಿಳಿದರು. ಒಳಗೆ ರವೆ ಹುರಿಯುವ ಪರಿಮಳ ಎದ್ದಿತು. ನಾಯಕರ ಮಗಳು ನಾಗಶ್ರೀ ಸೀರೆಯುಟ್ಟು ಚಹಾ ತಂದಳು. ಒಮ್ಮೆ ಕಣ್ಣೆತ್ತಿ ಅವನನ್ನು ನೋಡಿದಳು, ಹಣ್ಣು ಆರಿಸುವವರ ಹಾಗೆ: ಮೆತ್ತಗೆ, ಆದರೆ ತೊಟ್ಟಿನ ತನಕ.

ನಿತೇಶ ಗಂಟಲು ಸರಿಮಾಡಿಕೊಂಡ. "ನಿಮ್ಮ ಇಶಾಡು ಮಾವಿನ ರಸದ ಫ್ಯಾಕ್ಟರಿಯನ್ನ ನಮ್ಮ ಕಂಪನಿಗೆ ತಕೊಳ್ಳುವ ಮನಸ್ಸುಂಟು."

ನಾಯಕರ ಬಾಯಿಗೆ ಹೊರಟ ಶಿರಾ ದಾರಿಯಲ್ಲೇ ನಿಂತಿತು. ನಾಗಶ್ರೀಗೆ ನಗು ತಡೆಯಲಾಗಲಿಲ್ಲ.

"ಅಪ್ಪಾ, ಇವ್ರು ನೋಡೂಕೆ ಬಂದದ್ದು ಫ್ಯಾಕ್ಟರಿನ. ಅದನ್ನ ನಡೆಸೂದು ನಾನು, ಹಂಗಾಗಿ ನಾನೇ ಹೇಳ್ತೆ. ಕೊಡೂದಿಲ್ಲ. ಶಿರಾ ತಿಂದ್ಕಂಡು ಹೋಗಿ."

ಫ್ಯಾಕ್ಟರಿ ಎಂದರೆ ಹಿತ್ತಲಿನ ಹಂಚಿನ ಶೆಡ್ಡು, ಎರಡು ಕಡಾಯಿ, ಡಬ್ಬಿಗೆ ಮುಚ್ಚಳ ಒತ್ತುವ ಒಂದು ಯಂತ್ರ, ಮತ್ತು ಮೂಸಿಯೇ ಹಣ್ಣಿನ ಜಾತಕ ಹೇಳುವ ಕೆಲಸದ ಹೆಂಗಸು ಬೀರಿ. ಕಂಪನಿಗೆ ಬೇಕಾಗಿದ್ದದ್ದು ಡಬ್ಬಿಯ ಮೇಲಿನ ನಾಗಶ್ರೀಯ ಅಜ್ಜನ ಹೆಸರು. ಒಳಗಿನ ರಸ ಯಾವ ಹಣ್ಣಿನದಾದರೂ ಅದಕ್ಕೆ ಅಡ್ಡಿಯಿರಲಿಲ್ಲ.

ಬೇಡ ಎಂದರೆ ಇನ್ನೊಮ್ಮೆ ಕೇಳಿ ಎಂದರ್ಥ ಎಂಬುದು ಸಾಹೇಬರ ಸಿದ್ಧಾಂತ. ಹಾಗಾಗಿ ನಿತೇಶ ಶನಿವಾರ ಶನಿವಾರ ಬಸ್ಸು ಹತ್ತಿದ. ಹಣ್ಣಿನ ಕಾಲ ಬರುವ ಹೊತ್ತಿಗೆ, ತಾನು ಯಾರ ಅಪ್ಪಣೆಯಂತೆ ಹೋಗುತ್ತಿದ್ದೇನೆಂಬುದು ಅವನಿಗೇ ಸ್ಪಷ್ಟವಿರಲಿಲ್ಲ.

"ಮತ್ತೆ ಬಂದ್ರಾ?"

"ಹೊಸ ಆಫರ್ ಉಂಟು."

"ಓದಿ."

ನಾಗಶ್ರೀ ಹಣ್ಣು ಹಿಂಡುತ್ತಲೇ ಕೇಳುವಳು. ರಸ ಮೊಣಕೈವರೆಗೆ ಇಳಿಯುವುದು. ಅವನು ಎರಡನೆಯ ಸಾಲಿನಲ್ಲೇ ದಾರಿ ತಪ್ಪುವನು.

"ಬೇಡ. ಚಹಾ?"

"ಹ್ಞಾಂ, ಚಹಾ ಬೇಕು."

"ತಮಾ," ಎಂದಳು ಬೀರಿ ಬುಟ್ಟಿಯಾಚೆಯಿಂದ, "ನಿಂಗೆ ಬೇಕಾದದ್ದು ಡಬ್ಬಿ ಒಳಗೆ ಇಲ್ಲ ಕಾಣ್ತದೆ."

ಇಬ್ಬರೂ ಕೇಳಿಸದವರಂತಿದ್ದರು. ಕಿವಿಗಳು ಮಾತ್ರ ಕೆಂಪಾದವು.

ಮೇ ಕೊನೆಯ ವಾರ ಅಂಕೋಲೆಯ ಸುದ್ದಿ ಯಾರಿಂದಲೋ ಮುಂಬಯಿಗೆ ಮುಟ್ಟಿ, ಫೋನಿನಲ್ಲಿ ಸಾಹೇಬರು ಖುಷಿಯಲ್ಲಿದ್ದರು. "ಹುಡುಗಿಗೆ ನಿನ್ನ ಮೇಲೆ ಮನಸ್ಸಿದೆಯಂತೆ. ಒಳ್ಳೆಯದಾಯ್ತು. ಉಪಯೋಗಿಸಿಕೊ."

ಆ ಶನಿವಾರ ಚಹಾದ ಲೋಟ ಬದಿಗಿಟ್ಟು, ನಿತೇಶ ಆ ಮಾತನ್ನು ಇದ್ದಂತೆಯೇ ಅವಳ ಮುಂದೆ ಹೇಳಿಬಿಟ್ಟ. ನಾಗಶ್ರೀ ನಿಧಾನಕ್ಕೆ ಕೈ ತೊಳೆದಳು.

"ಇವತ್ತು ಬಂದದ್ದು ಯಾರು? ನೀವಾ, ಕಂಪನಿಯಾ?"

ಬಸ್ಸಿನ ಟಿಕೆಟು ಕಂಪನಿಯದು. ಇಸ್ತ್ರಿ ಮಾಡಿದ ಅಂಗಿ ಅವನದು.

"ನೌಕರಿ ಬಿಡ್ತೆ," ಎಂದ.

"ಬೇಡ ಮಾರಾಯ್ರೆ. ನನ್ನ ಹೆಸರು ಹೇಳಿ ನೌಕರಿ ಬಿಟ್ರೆ ಆ ಉಪಕಾರಕ್ಕೆ ಹೂಂ ಅನ್ಬೇಕಾಗ್ತದೆ. ಹಂಗೆ ಹೂಂ ಅನ್ನೂಕೆ ನಂಗೆ ಮನಸ್ಸಿಲ್ಲ."

"ಹಂಗಾರೆ ಏನು ಮಾಡ್ಲಿ?"

"ಬರಬೇಡಿ." ಅವಳು ಕಡಾಯಿಯತ್ತ ತಿರುಗಿ ನಿಂತಳು. "ಮೊದಲೆಲ್ಲ ಬೇಡ ಹೇಳೂದು ಸುಲಭ ಇತ್ತು. ಈಗ ಶನಿವಾರ ಬಸ್ಸಿನ ಹಾರ್ನ್ ಕೇಳಿದ್ರೆ ಕೈ ನಿಂತೋಗ್ತದೆ. ಇನ್ನೊಂದು ಸಲ ನೀವು ಕೇಳಿದ್ರೆ ನಂಗೆ ಬೇಡ ಹೇಳೂಕೆ ಆಗೂದಿಲ್ಲ. ಅಜ್ಜನ ಹೆಸರು ಹೋಗ್ತದೆ. ಆಮೇಲೆ ನಿಮ್ಮ ಮುಖ ಕಂಡಾಗೆಲ್ಲ ಅದೇ ನೆನಪಾಗ್ತದೆ."

"ಕಂಪನಿ ಸುಮ್ಮನಾದ್ಮೇಲೆ ಬಂದ್ರೆ?"

"ಸುಮ್ಮನಾಗಿದೆ ಅಂತ ನಂಗೆ ಹೆಂಗೆ ಗೊತ್ತಾಗೂದು? ನೀವು ಬರದೇ ಇದ್ರೆ ತಾನೆ?"

ಇಷ್ಟು ಚೆಂದದ ಪ್ರೇಮನಿವೇದನೆಗೆ ಎದ್ದು ಹೋಗುವುದೊಂದೇ ಉತ್ತರವಾದರೆ ಮನುಷ್ಯ ಏನು ಮಾಡಬೇಕು? ನಿತೇಶ ಎದ್ದ. ಚಪ್ಪಲಿ ಹುಡುಕಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತಗೊಂಡ. ಅವಳು ತಿರುಗಲಿಲ್ಲ. ತಿರುಗದಿರಲು ಅವಳು ಪಡುತ್ತಿದ್ದ ಕಷ್ಟ ಅವಳ ಹೆಗಲಲ್ಲಿ ಕಾಣುತ್ತಿತ್ತು.

ಸೋಮವಾರ ಕಾರವಾರದ ಆಫೀಸಿನಿಂದ ಸಾಹೇಬರಿಗೆ ಫೋನು ಮಾಡಿದ.

"ಅವರು ಬೇಡ ಅಂದಿದ್ದಾರೆ ಸಾರ್. ಬೇಡ ಅಂದ್ರೆ ಬೇಡ ಅಂತಲೇ ಅರ್ಥ. ಇನ್ನು ನಮ್ಮ ಕಡೆಯವರು ಯಾರೂ ಆ ಮನೆ ಮೆಟ್ಟಿಲು ಹತ್ತಬಾರದು ಅಂತ ಬರೆದು ಕಳಿಸಿದ್ದೇನೆ."

"ಯಾರೂ ಅಂದ್ರೆ?"

ಕಿಟಕಿಯಾಚೆ ಕಂಡಕ್ಟರು ಅಂಕೋಲಾ, ಅಂಕೋಲಾ ಎಂದು ಕೂಗುತ್ತಿದ್ದ. ಬಸ್ಸು ಇನ್ನೂ ತುಂಬಿರಲಿಲ್ಲ.

"ನಾನೂ, ಸಾರ್," ಎಂದ ನಿತೇಶ.